ಆಂಬುಲೆನ್ಸ್‌ನವರು ಬಂದ ಕೂಡಲೇ ಒಳಗೆ ಓಡುವುದಿಲ್ಲ ಯಾಕೆ?

ಘಾಟ್ಕೋಪರ್‌ನಲ್ಲಿ ನಮ್ಮ ಮಾವನ ಹೋಟೆಲ್ ಇದೆ. ಹತ್ತು ವರ್ಷದಿಂದ ಅಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದೇನೆ. ಒಂದು ರಾತ್ರಿ ಹನ್ನೊಂದೂವರೆ ಹೊತ್ತಿಗೆ, ಶಟರ್ ಅರ್ಧ ಎಳೆದು ಲೆಕ್ಕ ಮಾಡುತ್ತಾ ಕೂತಿದ್ದಾಗ ಹಿಂದಿನ ಅಡುಗೆಮನೆಯಿಂದ ಗ್ಯಾಸ್ ವಾಸನೆ ಬಂತು. ಪಾತ್ರೆ ತೊಳೆಯುವ ಹುಡುಗ ಒಳಗೆ ಬಿದ್ದಿದ್ದ. ಕುಂದಾಪುರ ಕಡೆಯವನು, ಮುಂಬಯಿಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ. 108ಕ್ಕೆ ಫೋನ್ ಮಾಡಿದೆವು. ಆಂಬುಲೆನ್ಸ್ ಬೇಗ ಬಂತು. ಆದರೆ ನಮ್ಮ ಬಾಗಿಲಿಗೆ ಬರಲಿಲ್ಲ. ನಾಲ್ಕು ಅಂಗಡಿ ಆಚೆ, ರಸ್ತೆಯ ತಿರುವಿನಲ್ಲಿ ನಿಂತಿತು.

ಡಾಕ್ಟರ್ ಇಳಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಓಡಲಿಲ್ಲ. ನಿಂತು ಕಟ್ಟಡವನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಮರಾಠಿಯಲ್ಲಿ ಜೋರಾಗಿ ಕೂಗಿದರು: ‘ಕೋಣೀ ಸ್ವಿಚ್‌ಲಾ ಹಾತ್ ಲಾವೂ ನಕಾ!’ ಯಾರೂ ಸ್ವಿಚ್ ಮುಟ್ಟಬೇಡಿ ಅಂತ. ನಮ್ಮ ದೋಸೆ ಭಟ್ಟರು ಗ್ಯಾಸ್ ಹೊರಗೆ ಹೋಗಲಿ ಎಂದು ಎಕ್ಸಾಸ್ಟ್ ಫ್ಯಾನ್ ಸ್ವಿಚ್ಚಿಗೆ ಕೈ ಚಾಚಿದ್ದರು. ಒಳಗೆ ಎಷ್ಟು ಜನ, ಸಿಲಿಂಡರ್ ಎಲ್ಲಿದೆ, ಮೇನ್ ವಾಲ್ವ್ ಹೊರಗಿದೆಯಾ ಒಳಗಾ, ಮೇಲಿನ ಮಹಡಿಯಲ್ಲಿ ಯಾರಾದರೂ ಮಲಗಿದ್ದಾರಾ ಎಂದು ಒಂದರ ಹಿಂದೆ ಒಂದು ಕೇಳಿದರು. ನನಗೆ ತಲೆ ಕೆಟ್ಟುಹೋಯಿತು. ಹುಡುಗ ಸಾಯುತ್ತಿದ್ದಾನೆ, ಇವರು ಪ್ರಶ್ನೆ ಕೇಳುತ್ತಾ ನಿಂತಿದ್ದಾರಲ್ಲ ಎಂದು ಬಾಯಿಗೆ ಬಂದ ಹಾಗೆ ಬೈದೆ. ಅವರು ತಿರುಗಿ ಬೈಯಲಿಲ್ಲ. ಒಳಗೆ ನುಗ್ಗಲು ಹೊರಟಿದ್ದ ಇಬ್ಬರು ಸಪ್ಲೈಯರ್ ಹುಡುಗರನ್ನು ಕೈ ಅಡ್ಡ ಹಿಡಿದು ತಡೆದರು.

ಅಗ್ನಿಶಾಮಕದವರು ಬಂದರು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಒಳಗೆ ಹೋಗಿ ಹುಡುಗನನ್ನು ಎತ್ತಿ ತಂದರು. ಅಷ್ಟು ಹೊತ್ತಿಗೆ ಸ್ಟ್ರೆಚರ್ ಬಿಚ್ಚಿ, ಆಕ್ಸಿಜನ್ ಜೋಡಿಸಿ ಡಾಕ್ಟರ್ ತಯಾರಾಗಿದ್ದರು. ಹುಡುಗ ಬದುಕಿದ. ಹಿಂದಿನ ಬಾಗಿಲು ಅರ್ಧ ತೆರೆದಿದ್ದೇ ಅವನ ಪುಣ್ಯ.

ಆವತ್ತು ಬೈದದ್ದು ನನ್ನನ್ನು ಬಹಳ ದಿನ ಕಾಡಿತು. ಪ್ರಥಮ ಚಿಕಿತ್ಸೆಯ ತರಬೇತಿಗೆ ಸೇರಿದೆ. ಅಲ್ಲಿ ಬ್ಯಾಂಡೇಜ್ ಕಟ್ಟುವುದಕ್ಕೂ ಮೊದಲು, ಎದೆ ಒತ್ತುವುದಕ್ಕೂ ಮೊದಲು ಕಲಿಸಿದ್ದು ಇದನ್ನೇ: ಜಾಗ ಸೇಫ್ ಇದೆಯಾ ನೋಡು. ಅವರ ಭಾಷೆಯಲ್ಲಿ ‘ಸೀನ್ ಸೇಫ್ಟಿ’. ಆಗ ಅರ್ಥವಾಯಿತು, ಆ ಡಾಕ್ಟರ್ ಸುಮ್ನೆ ನಿಂತಿರಲಿಲ್ಲ. ನಿಂತು ಮಾಡಿದ್ದೇ ಅವರ ಮೊದಲ ಚಿಕಿತ್ಸೆ. ಅದು ಹೇಗೆ ನಡೆಯುತ್ತದೆ ಎಂದು ನಾನು ಕಲಿತಷ್ಟು, ಅವರನ್ನು ಕೇಳಿ ತಿಳಿದಷ್ಟು ಬರೆಯುತ್ತೇನೆ.

ಲೆಕ್ಕ ಸುಲಭ. ಕಾಪಾಡಲು ಹೋದವನು ಬಿದ್ದರೆ ರೋಗಿಗಳು ಇಬ್ಬರಾಗುತ್ತಾರೆ, ಕಾಪಾಡುವವರಲ್ಲಿ ಒಬ್ಬ ಕಡಿಮೆಯಾಗುತ್ತಾನೆ. ಆಮೇಲೆ ಇನ್ನೊಂದು ಆಂಬುಲೆನ್ಸ್ ಬರಬೇಕು, ಅದು ಮುಂಬಯಿ ಟ್ರಾಫಿಕ್ಕಿನಲ್ಲಿ ಬರಬೇಕು. ಅಷ್ಟರಲ್ಲಿ ಮೊದಲನೆಯವನ ಗತಿ ಏನು? ಅಂದರೆ ಡಾಕ್ಟರ್ ತನ್ನ ಜೀವ ಉಳಿಸಿಕೊಳ್ಳುವುದೂ ರೋಗಿಗಾಗಿಯೇ.

ಈ ನೋಡುವ ಕೆಲಸ ಜಾಗಕ್ಕೆ ಬಂದ ಮೇಲೆ ಶುರುವಾಗುತ್ತದೆ ಅಂದುಕೊಂಡಿದ್ದೆ. ಇಲ್ಲ, ಫೋನ್ ಎತ್ತಿದಾಗಲೇ ಶುರು. ಮಹಾರಾಷ್ಟ್ರದ 108 ಸೇವೆ 2014ರಲ್ಲಿ 937 ಆಂಬುಲೆನ್ಸ್‌ಗಳ ಯೋಜನೆಯಾಗಿ ಆರಂಭವಾಯಿತು. ಇದರ ಕಂಟ್ರೋಲ್ ರೂಮ್ ಪುಣೆಯಲ್ಲಿದೆ. ನೀವು ಡೊಂಬಿವಲಿಯಿಂದ ಮಾಡಿದರೂ, ಸೊಲ್ಲಾಪುರದಿಂದ ಮಾಡಿದರೂ ಕರೆ ಎತ್ತುವುದು ಅಲ್ಲೇ. ಆ ಕಡೆ ಇರುವವರಿಗೆ ನಿಮ್ಮ ಗಲ್ಲಿ ಕಾಣುವುದಿಲ್ಲ. ಹಾಗಾಗಿ ‘ಒಬ್ಬ ಬಿದ್ದಿದ್ದಾನೆ, ಬೇಗ ಬನ್ನಿ’ ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ‘ಒಬ್ಬ ಬಿದ್ದಿದ್ದಾನೆ, ಗ್ಯಾಸ್ ವಾಸನೆ ಇದೆ’ ಅಂದರೆ ಅಗ್ನಿಶಾಮಕ ದಳಕ್ಕೂ ಸುದ್ದಿ ಹೋಗುತ್ತದೆ. ‘ಹೊಡೆದಾಟ ಆಗಿದೆ, ಹೊಡೆದವನು ಇಲ್ಲೇ ಇದ್ದಾನೆ’ ಅಂದರೆ ಪೊಲೀಸರಿಗೂ ಹೋಗುತ್ತದೆ. ನಮ್ಮ ರಾತ್ರಿಯ ಕರೆಯಲ್ಲಿ ಗ್ಯಾಸ್ ಎಂಬ ಮಾತು ಬಂದಿತ್ತು. ಆಂಬುಲೆನ್ಸ್ ನಾಲ್ಕು ಅಂಗಡಿ ಆಚೆ ನಿಂತದ್ದು ಅದಕ್ಕೇ.

108ರ ಡ್ರೈವರ್‌ಗೆ ಪೈಲಟ್ ಅನ್ನುತ್ತಾರೆ. ಬಂಡಿ ಎಲ್ಲಿ ನಿಲ್ಲಿಸುವುದು ಎಂಬುದೇ ಪೈಲಟ್‌ನ ದೊಡ್ಡ ವಿದ್ಯೆ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಹಾಗಾಗಿ ಮೇಲೆ ಹೋಗುವುದಿಲ್ಲ. ನೆಲದ ಮೇಲೆ ನೀರಿನ ಹಾಗೆ ಹರಿದು ಚರಂಡಿಗೆ, ತಗ್ಗಿಗೆ, ಬೇಸ್‌ಮೆಂಟಿಗೆ ಇಳಿಯುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಆ ಕಿಡಿ ಸ್ವಿಚ್ಚಿನ ಒಳಗೂ ಇದೆ, ಫ್ರಿಜ್ಜಿನ ಹಿಂದೆಯೂ ಇದೆ, ಆಂಬುಲೆನ್ಸಿನ ಎಂಜಿನ್ನಿನಲ್ಲೂ ಇದೆ. ಅದಕ್ಕೇ ಎತ್ತರದ ಕಡೆ, ಗಾಳಿ ತಮ್ಮ ಬೆನ್ನಿಂದ ಬೀಸುವ ಕಡೆ ನಿಲ್ಲಬೇಕು. ಎಕ್ಸಾಸ್ಟ್ ಫ್ಯಾನ್ ಹಾಕಿದ್ದರೆ ನಮ್ಮ ಕಥೆ ಬೇರೆಯೇ ಆಗುತ್ತಿತ್ತು.

ಹೆದ್ದಾರಿಯಲ್ಲಿ ಪೈಲಟ್‌ನ ಚಿಂತೆಯೇ ಬೇರೆ. ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ ಬೋರ್ ಘಾಟ್ ಮಂಜು ಮುಚ್ಚಿಕೊಂಡಿರುವಾಗ, ನುಜ್ಜುಗುಜ್ಜಾದ ಕಾರಿಗಿಂತ ದೊಡ್ಡ ಅಪಾಯ ಹಿಂದಿನಿಂದ ಬರುವ ಲಾರಿ. ಬ್ರೇಕ್ ಕಾದ ಲಾರಿಯವನಿಗೆ ರಸ್ತೆ ಮೇಲೆ ಮಂಡಿಯೂರಿ ಕೂತ ಡಾಕ್ಟರ್ ಕಾಣುವುದಿಲ್ಲ. ಹಾಗಾಗಿ ಮೊದಲು ಬಂದ ದೊಡ್ಡ ವಾಹನವನ್ನು ಬರುವ ಟ್ರಾಫಿಕ್ಕಿಗೆ ಸ್ವಲ್ಪ ಓರೆಯಾಗಿ, ಗೋಡೆಯ ಹಾಗೆ ಅಡ್ಡ ನಿಲ್ಲಿಸುತ್ತಾರೆ. ಮುಂದಿನ ಚಕ್ರಗಳನ್ನು ಕೆಲಸ ಮಾಡುವವರ ಕಡೆಯಿಂದ ಆಚೆಗೆ ತಿರುಗಿಸಿಡುತ್ತಾರೆ. ಯಾರಾದರೂ ಬಂದು ಗುದ್ದಿದರೂ ಬಂಡಿ ತಮ್ಮವರ ಮೇಲೆ ಹೋಗಬಾರದು ಅಂತ. ಹೊಳೆಯುವ ಪಟ್ಟಿಯ ಜಾಕೆಟ್ ಹಾಕದೆ ಕೆಳಗಿಳಿಯುವ ಹಾಗಿಲ್ಲ.

ಟ್ಯಾಂಕರ್ ಬಿದ್ದಿದ್ದರಂತೂ ಹತ್ತಿರವೇ ಹೋಗುವುದಿಲ್ಲ, ಮೊದಲು ದೂರದಿಂದ ಓದುತ್ತಾರೆ. ಟ್ಯಾಂಕರಿನ ಹಿಂದೆ ಒಂದು ಫಲಕ ಇರುತ್ತದಲ್ಲ, ಅದರಲ್ಲಿ ನಾಲ್ಕಂಕಿಯ ನಂಬರ್ ಇರುತ್ತದೆ. 1203 ಅಂದರೆ ಪೆಟ್ರೋಲ್. 1075 ಅಂದರೆ ಎಲ್‌ಪಿಜಿ. 1005 ಅಂದರೆ ಅಮೋನಿಯಾ. ಈ ನಂಬರುಗಳು ಲೋಕಕ್ಕೆಲ್ಲ ಒಂದೇ. ಒಳಗಿರುವುದೇನು, ನೀರು ಹಾಕಬಹುದೋ ಇಲ್ಲವೋ, ಎಷ್ಟು ದೂರ ಜನರನ್ನು ಸರಿಸಬೇಕು ಎಂದು ಅದರಿಂದ ಗೊತ್ತಾಗುತ್ತದೆ. ತರಬೇತಿಯಲ್ಲಿ ಇನ್ನೊಂದು ಸರಳ ಅಳತೆ ಹೇಳಿಕೊಟ್ಟರು. ಕೈ ನೇರ ಮುಂದೆ ಚಾಚಿ ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿ. ಹೆಬ್ಬೆರಳಿನ ಹಿಂದೆ ಅಪಘಾತದ ಜಾಗ ಪೂರ್ತಿ ಮರೆಯಾಗದಿದ್ದರೆ ನೀವು ಜಾಸ್ತಿ ಹತ್ತಿರ ಇದ್ದೀರಿ.

2023ರ ಜೂನ್‌ನಲ್ಲಿ ಲೋಣಾವಳದ ಹತ್ತಿರ ಇದೇ ಎಕ್ಸ್‌ಪ್ರೆಸ್‌ವೇಯ ಸೇತುವೆ ಮೇಲೆ ಟ್ಯಾಂಕರ್ ಹೊತ್ತಿಕೊಂಡಿತು. ಉರಿಯುವ ದ್ರವ ಸೇತುವೆಯಿಂದ ಕೆಳಗಿನ ರಸ್ತೆಗೆ ಸುರಿಯಿತು. ಒಟ್ಟು ನಾಲ್ವರು ಸತ್ತರು. ಅಪಘಾತ ಮೇಲೆ, ಬೆಂಕಿ ಬಿದ್ದದ್ದು ಕೆಳಗೆ ಹೋಗುತ್ತಿದ್ದವರ ಮೇಲೂ. ಹಾಗಾಗಿ ‘ಜಾಗ’ ಅಂದರೆ ಟ್ಯಾಂಕರ್ ನಿಂತಿರುವಲ್ಲಿಗೆ ಮುಗಿಯುವುದಿಲ್ಲ. ಸೋರಿದ್ದು ಎಲ್ಲಿಗೆ ಹರಿಯುತ್ತದೋ, ಹೊಗೆ ಎಲ್ಲಿಗೆ ಹೋಗುತ್ತದೋ ಅಲ್ಲಿವರೆಗೂ ಅದೇ ಜಾಗ.

ಗೋವಾದ ವಾಸ್ಕೋದಲ್ಲಿ ಬಾಗಲಕೋಟೆ, ವಿಜಯಪುರ, ಗದಗ ಕಡೆಯ ನಮ್ಮ ಜನ ಎಷ್ಟಿದ್ದಾರೆ ನಿಮಗೆ ಗೊತ್ತು. ಅದರ ಪಕ್ಕದ ಚಿಖಲಿಯಲ್ಲಿ 2018ರ ಜನವರಿಯ ಒಂದು ರಾತ್ರಿ ಅಮೋನಿಯಾ ಟ್ಯಾಂಕರ್ ಉರುಳಿತು. ಮಲಗಿದ್ದವರನ್ನು ಎಬ್ಬಿಸಿ ಮನೆ ಬಿಡಿಸಬೇಕಾಯಿತು. ಅಮೋನಿಯಾ ಗಾಳಿಗಿಂತ ಹಗುರ, ಮೇಲೆ ಹೋಗಿಬಿಡುತ್ತದೆ ಎಂದು ಪುಸ್ತಕ ಓದಿದವರು ಅಂದುಕೊಳ್ಳಬಹುದು. ಆದರೆ ಟ್ಯಾಂಕರಿನಿಂದ ತಣ್ಣಗೆ ನುಗ್ಗಿ ಬಂದು ಗಾಳಿಯ ತೇವದ ಜೊತೆ ಸೇರಿದಾಗ ಅದು ಬಿಳಿ ಮೋಡವಾಗಿ ನೆಲ ಹಿಡಿದೇ ಸಾಗುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಇಂಥ ಕಡೆ ಆ ಮಾತು ಅಕ್ಷರಶಃ ನಿಜ.

ನಮ್ಮ ಘಾಟ್ಕೋಪರ್‌ನದೇ ಒಂದು ಉದಾಹರಣೆ ಹೇಳದೆ ಇರಲಾರೆ. 2024ರ ಮೇ 13ರ ಸಂಜೆ ಧೂಳಿನ ಬಿರುಗಾಳಿ ಎದ್ದಿತ್ತು. ಹೋಟೆಲ್ ಟೇಬಲ್ ಮೇಲೆಲ್ಲ ಮಣ್ಣು. ಅದೇ ಹೊತ್ತಿಗೆ ಛೇಡಾ ನಗರದಲ್ಲಿ ಒಂದು ಭಾರೀ ಹೋರ್ಡಿಂಗ್ ಪೆಟ್ರೋಲ್ ಬಂಕಿನ ಮೇಲೆ ಬಿತ್ತು. ಮಳೆಗೆ ಆಸರೆ ಎಂದು ನಿಂತವರು, ಪೆಟ್ರೋಲ್ ಹಾಕಿಸುತ್ತಿದ್ದವರು ಅಡಿಯಲ್ಲಿ ಸಿಕ್ಕಿಕೊಂಡರು. 17 ಜನ ಹೋದರು. ಕಬ್ಬಿಣ ಬಿದ್ದರೆ ಗ್ಯಾಸ್ ಕಟರ್ ತಂದು ಕತ್ತರಿಸಬೇಕು ಎಂದು ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆದರೆ ಕೆಳಗೆ ಪೆಟ್ರೋಲ್ ಟ್ಯಾಂಕ್. ಕಿಡಿ ಹಾರುವ ಉಪಕರಣ ಬಳಸುವುದು ಅಪಾಯ ಎಂದು ಕೇಂದ್ರದ ವಿಪತ್ತು ರಕ್ಷಣಾ ದಳವಾದ ಎನ್‌ಡಿಆರ್‌ಎಫ್‌ನವರು ಕ್ರೇನ್ ಹಿಡಿದು ನಿಧಾನಕ್ಕೆ ಎತ್ತಬೇಕಾಯಿತು. ಮನೆಯವರು ಹೊರಗೆ ಅಳುತ್ತಾ ಕಾಯುತ್ತಿದ್ದರು. ಯಾಕಿಷ್ಟು ತಡ ಎಂದು ಊರೆಲ್ಲ ಕೇಳುತ್ತಿತ್ತು. ಕೆಲಸದ ನಡುವೆ ಮೂರನೇ ದಿನ ಅಲ್ಲಿ ಬೆಂಕಿ ಕಾಣಿಸಿಕೊಂಡಿತು ಕೂಡ. ಅಗ್ನಿಶಾಮಕದವರು ಪಕ್ಕದಲ್ಲೇ ಸಿದ್ಧವಾಗಿ ನಿಂತಿದ್ದರು, ಕೂಡಲೇ ಆರಿಸಿದರು. ಅಲ್ಲಿ ನಿಂತಿದ್ದ ಆಂಬುಲೆನ್ಸ್‌ನವರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಒಳಗೆ ನೋವಿನ ದನಿ ಇದೆ, ಕೈಯಲ್ಲಿ ಔಷಧಿ ಇದೆ, ಆದರೂ ಕ್ರೇನ್ ಎತ್ತುವ ತನಕ ಆಚೆ ಕಾಯಬೇಕು. ಅವರ ಕೆಲಸದಲ್ಲಿ ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ ಅನಿಸುತ್ತದೆ.

ಮುಂಬಯಿಯಲ್ಲಿ ಕರೆಂಟಿನ ಭಯ ಮಳೆಗಾಲದ್ದು. ಮೊಣಕಾಲುದ್ದ ನೀರಿನಲ್ಲಿ ಒಬ್ಬ ಬಿದ್ದಿದ್ದಾನೆ. ಫಿಟ್ಸ್ ಬಂದಿರಬಹುದು, ಹೃದಯಾಘಾತ ಆಗಿರಬಹುದು, ಪಕ್ಕದ ಲೈಟ್ ಕಂಬದಿಂದ ನೀರಿಗೆ ಕರೆಂಟ್ ಇಳಿದಿರಲೂಬಹುದು. ಹೇಗೆ ಗೊತ್ತಾಗುತ್ತದೆ? ಗೊತ್ತಾಗುವುದಿಲ್ಲ. ಅದಕ್ಕೇ ಕರೆಂಟ್ ಇದೆ ಎಂದೇ ಹಿಡಿದುಕೊಂಡು, ಲೈನ್ ಬಂದ್ ಆಗಿದೆ ಎಂದು ವಿದ್ಯುತ್ ಕಂಪನಿಯವರು ಹೇಳುವ ತನಕ ನೀರಿಗೆ ಕಾಲಿಡುವುದಿಲ್ಲ. ಹರಿದು ಬಿದ್ದ ತಂತಿ ಇದ್ದರೆ ಕಂಬದಿಂದ ಕಂಬಕ್ಕೆ ಎಷ್ಟು ದೂರವೋ ಅಷ್ಟಾದರೂ ಆಚೆ ಬಂಡಿ ನಿಲ್ಲಿಸುತ್ತಾರೆ. ತಂತಿ ಬಿದ್ದ ಜಾಗದಿಂದ ನೆಲದಲ್ಲೂ ಕರೆಂಟ್ ಹರಡುತ್ತದೆ. ನಿಮ್ಮ ಒಂದು ಪಾದ ತಂತಿಗೆ ಹತ್ತಿರ, ಇನ್ನೊಂದು ದೂರ ಇದ್ದರೆ ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸ ಕಾಲಿನ ಮೂಲಕ ಹರಿಯುತ್ತದೆ. ಅಂಥಲ್ಲಿ ಸಿಕ್ಕಿಕೊಂಡರೆ ದೊಡ್ಡ ಹೆಜ್ಜೆ ಹಾಕಿ ಓಡಬಾರದು, ಎರಡೂ ಪಾದ ಜೋಡಿಸಿ ನೆಲ ಬಿಡದೆ ಇಂಚಿಂಚೇ ಎಳೆದುಕೊಂಡು ಹೊರಗೆ ಬರಬೇಕು. ಕಾರಿನ ಮೇಲೆ ತಂತಿ ಬಿದ್ದಿದ್ದು ಬೆಂಕಿ ಇಲ್ಲದಿದ್ದರೆ ಒಳಗೇ ಕೂತಿರಿ ಎಂದು ದೂರದಿಂದಲೇ ಕೂಗಿ ಹೇಳುತ್ತಾರೆ.

ಲೋಕಲ್ ಟ್ರೇನಿನ ತಂತಿಯಲ್ಲಿ ಇರುವುದು 25,000 ವೋಲ್ಟ್. ಅದನ್ನು ಮುಟ್ಟಬೇಕಾಗಿಯೇ ಇಲ್ಲ, ಹತ್ತಿರ ಹೋದರೆ ಅದೇ ಹಾರಿ ಹಿಡಿಯುತ್ತದೆ. ಬೋಗಿಯ ಮೇಲೆ ಬಿದ್ದವನನ್ನು ಇಳಿಸಬೇಕಾದರೆ ರೈಲ್ವೆಯವರು ಲೈನ್ ಬಂದ್ ಮಾಡಿ, ಮಾಡಿದ್ದೇವೆ ಎಂದು ಹೇಳಬೇಕು. ಹಳಿ ಮೇಲೆ ಬಿದ್ದವನ ಹತ್ತಿರ ಹೋಗಬೇಕಾದರೂ ಆ ಲೈನಿನ ಗಾಡಿ ನಿಂತಿದೆ ಎಂಬುದು ಖಾತ್ರಿಯಾಗಬೇಕು. ಪಕ್ಕದ ಲೈನಿನದೂ.

ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸುವುದು ಮ್ಯಾನ್‌ಹೋಲ್ ಮತ್ತು ಸೆಪ್ಟಿಕ್ ಟ್ಯಾಂಕ್ ಸಾವುಗಳು. ಪೇಪರಿನಲ್ಲಿ ಓದಿ ನೋಡಿ, ಒಬ್ಬ ಸತ್ತ ಅಂತ ಬರುವುದು ಕಡಿಮೆ, ಮೂವರು, ನಾಲ್ವರು ಅಂತಲೇ ಇರುತ್ತದೆ. ಯಾಕೆಂದರೆ ಮೊದಲನೆಯವನು ಬಿದ್ದ, ಅವನನ್ನು ಎತ್ತಲು ತಮ್ಮ ಇಳಿದ, ತಮ್ಮನನ್ನು ಎತ್ತಲು ಗೆಳೆಯ ಇಳಿದ. ಕೆಲಸಗಾರರ ಸುರಕ್ಷತೆಯ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಎಂಬ ಸಂಸ್ಥೆ 1986ರಲ್ಲೇ ಹೇಳಿದೆ, ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ನೂರಕ್ಕೆ 60ಕ್ಕಿಂತ ಜಾಸ್ತಿ ಜನ ಕಾಪಾಡಲು ಇಳಿದವರು ಅಂತ. ಕೊಳಚೆಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಪ್ರಮಾಣ ಹೆಚ್ಚಾದರೆ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ವಾಸನೆ ಹೋಯಿತು, ಈಗ ಪರವಾಗಿಲ್ಲ ಅಂದುಕೊಂಡು ಇಳಿಯುತ್ತಾರೆ. ಎರಡು ಉಸಿರು, ಅಷ್ಟೇ. ಆಂಬುಲೆನ್ಸ್‌ನವರ ಹತ್ತಿರ ಇರುವ ಆಕ್ಸಿಜನ್ ಮಾಸ್ಕ್ ರೋಗಿಗೆ ಕೊಡುವಂಥದ್ದು, ಅದನ್ನು ಹಾಕಿಕೊಂಡು ಕೆಳಗೆ ಇಳಿಯಲು ಆಗುವುದಿಲ್ಲ. ಹಾಗಾಗಿ ಅವರು ಮಾಡಬಹುದಾದ ಒಳ್ಳೆಯ ಕೆಲಸ ಮೇಲೆ ನಿಂತು ಇನ್ನೊಬ್ಬನನ್ನು ಇಳಿಯಲು ಬಿಡದಿರುವುದು. ಅಣ್ಣನಿಗಾಗಿ ಅಳುತ್ತಿರುವ ತಮ್ಮನನ್ನು ಹಿಡಿದು ನಿಲ್ಲಿಸುವುದು ಎಷ್ಟು ಕಷ್ಟ ಯೋಚಿಸಿ.

ಇನ್ನು ಜನ. ಜನವೂ ಅಪಾಯವೇ. ಹೊಡೆದಾಟ, ಚಾಕು, ಕುಡಿದ ಮನೆ ಜಗಳ ಇಂಥ ಕರೆಯಾದರೆ ಆಂಬುಲೆನ್ಸ್ ಒಂದೆರಡು ಗಲ್ಲಿ ಆಚೆ ಸೈರನ್ ಬಂದ್ ಮಾಡಿ ನಿಲ್ಲುತ್ತದೆ. ಪೊಲೀಸರು ಸರಿ ಅಂದ ಮೇಲೆ ಒಳಗೆ ಬರುತ್ತದೆ. ಇದಕ್ಕೆ ಸ್ಟೇಜಿಂಗ್ ಅನ್ನುತ್ತಾರೆ. ಮನೆಗೆ ಬಂದಾಗಲೂ ಬಾಗಿಲಿನ ಎದುರು ನಿಲ್ಲುವುದಿಲ್ಲ, ಪಕ್ಕಕ್ಕೆ ನಿಂತು ತಟ್ಟುತ್ತಾರೆ. ಒಳಗೆ ಬಂದ ಕೂಡಲೇ ಕಣ್ಣು ಹೋಗುವುದು ಇನ್ನೊಂದು ಬಾಗಿಲು ಎಲ್ಲಿದೆ, ನಾಯಿ ಕಟ್ಟಿದೆಯಾ, ದಿಂಬಿನ ಹತ್ತಿರ ಏನಿದೆ ಎಂಬುದಕ್ಕೆ. ಮನೆಯವರಿಗೆ ಬೇಜಾರಾಗಬಹುದು. ಅವರಿಗೆ ನಿಮ್ಮ ಮೇಲೆ ಅನುಮಾನ ಅಂತಲ್ಲ, ಎಲ್ಲರ ಮನೆಯಲ್ಲೂ ಹಾಗೇ ನೋಡುತ್ತಾರೆ.

ನೋಡಲು ಬಂದವರ ಭಾರಕ್ಕೇ ಅನಾಹುತ ಆದದ್ದೂ ಇದೆ. ಗೋವಾದ ಕುಡಚಡೆ ಹತ್ತಿರ 2017ರ ಮೇ ತಿಂಗಳಲ್ಲಿ ಸಾಂವರ್ಡೆ ನದಿಗೆ ಹಾರಿದ ಒಬ್ಬನನ್ನು ಹುಡುಕುತ್ತಿದ್ದರು. ಅದನ್ನು ನೋಡಲು ಜನ ಪೋರ್ಚುಗೀಸರ ಕಾಲದ, ಬಳಕೆ ನಿಲ್ಲಿಸಿದ್ದ ಕಾಲುಸೇತುವೆ ಮೇಲೆ ಸೇರಿದರು. ಸೇತುವೆ ಕುಸಿದು ಅವರೂ ನೀರಿಗೆ ಬಿದ್ದರು. ಒಬ್ಬನಿಗಾಗಿ ಬಂದ ತಂಡ ಆಮೇಲೆ ಎಷ್ಟು ಜನರನ್ನು ಹುಡುಕಬೇಕಾಯಿತು! ನೀವು ಅಲ್ಲಿ ನಿಂತಿರುವುದೂ ಅವರ ಲೆಕ್ಕದಲ್ಲಿ ಒಂದು ಅಪಾಯ, ‘ಹಿಂದೆ ಸರೀರಿ’ ಅಂದಾಗ ದಯವಿಟ್ಟು ಸರಿಯಿರಿ.

ಕೈಗವಸು, ಮಾಸ್ಕ್ ಬಗ್ಗೆ ಕೋವಿಡ್ ಬಂದ ಮೇಲೆ ನಿಮಗೇ ಗೊತ್ತಿದೆ, ಹೆಚ್ಚು ಹೇಳುವುದಿಲ್ಲ. ರಕ್ತ ಕಂಡರೆ ಕೈಗವಸಿಲ್ಲದೆ ಮುಟ್ಟುವುದಿಲ್ಲ, ಅಷ್ಟೇ.

ಒಂದು ಸಲ ನೋಡಿ ಸೇಫ್ ಅಂದುಬಿಟ್ಟರೆ ಮುಗಿಯಲಿಲ್ಲ ಎಂಬುದನ್ನು ಮಾತ್ರ ಹೇಳಲೇಬೇಕು. 2015ರ ಮೇ ತಿಂಗಳಲ್ಲಿ ಕಾಲ್ಬಾದೇವಿಯ ಹಳೆಯ ಕಟ್ಟಡಕ್ಕೆ ಬೆಂಕಿ ಬಿದ್ದಿತ್ತು. ಬೆಂಕಿ ಆರಿಸುತ್ತಿದ್ದಾಗ ಕಟ್ಟಡವೇ ಕುಸಿಯಿತು. ಮುಂಬಯಿ ಅಗ್ನಿಶಾಮಕ ದಳದ ಮುಖ್ಯಸ್ಥರೂ ಸೇರಿ ನಾಲ್ವರು ಅಧಿಕಾರಿಗಳು ಪ್ರಾಣ ಕಳೆದುಕೊಂಡರು. ಅವರಿಗಿಂತ ಅನುಭವ ಇದ್ದವರು ಈ ಊರಿನಲ್ಲಿ ಯಾರಿದ್ದರು? ಬೆಂಕಿ, ನೀರು, ಗಾಳಿ, ಜನ ಎಲ್ಲವೂ ನಿಮಿಷ ನಿಮಿಷಕ್ಕೆ ಬದಲಾಗುತ್ತವೆ. ಅದಕ್ಕೇ ರೋಗಿಯ ನಾಡಿ ಹಿಡಿದಿರುವಾಗಲೂ ಇಬ್ಬರಲ್ಲಿ ಒಬ್ಬರ ಕಣ್ಣು ಸುತ್ತಲೂ ಓಡಾಡುತ್ತಿರುತ್ತದೆ. ಬದಲಾದರೆ ಇರುವಷ್ಟು ಚಿಕಿತ್ಸೆ ಬಿಟ್ಟು ರೋಗಿಯನ್ನು ಎಳೆದುಕೊಂಡು ಆಚೆ ಹೋಗುತ್ತಾರೆ.

ದೊಡ್ಡ ದುರಂತದಲ್ಲಿ ಮೊದಲು ಬಂದ ಆಂಬುಲೆನ್ಸ್ ಯಾರಿಗೂ ಚಿಕಿತ್ಸೆ ಶುರು ಮಾಡದೆ ಇರಬಹುದು. ಎಷ್ಟು ಜನರಿಗೆ ಗಾಯ, ಯಾವ ಅಪಾಯ ಇನ್ನೂ ಇದೆ, ಯಾವ ರಸ್ತೆಯಿಂದ ಬಂದರೆ ಒಳ್ಳೆಯದು, ಇನ್ನೆಷ್ಟು ಬಂಡಿ ಬೇಕು ಎಂದು ಕಂಟ್ರೋಲ್ ರೂಮಿಗೆ ಹೇಳುವುದೇ ಅವರ ಮೊದಲ ಕೆಲಸ. ಅವರು ಬಾಗಿಲಲ್ಲೇ ಒಬ್ಬನ ಹತ್ತಿರ ಕೂತುಬಿಟ್ಟರೆ ಹಿಂದೆ ಬಿದ್ದಿರುವ ಮೂವತ್ತು ಜನರಿಗೆ ಬಂಡಿ ಕಳಿಸುವವರು ಯಾರು? ಫೋನಿನಲ್ಲಿ ವಿಡಿಯೋ ಮಾಡಿ ‘ನೋಡಿ, ಮಾತಾಡ್ತಾ ನಿಂತಿದ್ದಾರೆ’ ಎಂದು ಹಾಕುವವರನ್ನು ಕಂಡಾಗ ನನಗೆ ನನ್ನದೇ ಆ ರಾತ್ರಿ ನೆನಪಾಗುತ್ತದೆ.

ಆ ಹುಡುಗ ಈಗ ನಮ್ಮಲ್ಲೇ ಕಾಫಿ ಮಾಡುತ್ತಾನೆ. ಸಿಲಿಂಡರ್‌ಗಳನ್ನು ಹೊರಗಿನ ಓಣಿಗೆ ಸಾಗಿಸಿದ್ದೇವೆ, ಮೇನ್ ವಾಲ್ವ್ ಇರುವ ಗೋಡೆಗೆ ಕೆಂಪು ಬಣ್ಣ ಬಳಿದು ಬಾಣದ ಗುರುತು ಹಾಕಿದ್ದೇವೆ. ಗಲ್ಲಾ ಪಕ್ಕದಲ್ಲಿ ದೇವರ ಪಟದ ಕೆಳಗೆ ಒಂದು ರಟ್ಟು ಅಂಟಿಸಿದೆ. ಅದರಲ್ಲಿ 108, 101, ಗ್ಯಾಸ್ ಸೋರಿಕೆಯ 1906 ಇದೆ. ಅದರ ಕೆಳಗೆ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ನಮ್ಮ ಗಲ್ಲಿಯ ಗುರುತು, ಆಮೇಲೆ ಫೋನಿನಲ್ಲಿ ಹೇಳಬೇಕಾದ್ದು: ಎಲ್ಲಿ, ಏನಾಯಿತು, ಎಷ್ಟು ಜನ, ಗ್ಯಾಸ್ ಅಥವಾ ಬೆಂಕಿ ಅಥವಾ ಕರೆಂಟ್ ಇದೆಯಾ, ಹೊರಗೆ ಯಾರು ನಿಂತಿರುತ್ತಾರೆ. ಹೊಸ ಹುಡುಗ ಕೆಲಸಕ್ಕೆ ಬಂದರೆ ಮೊದಲ ದಿನ ಇಡ್ಲಿ ಪಾತ್ರೆ ತೋರಿಸುವ ಮೊದಲು ಆ ರಟ್ಟನ್ನು ಅವನ ಕೈಯಲ್ಲಿ ಜೋರಾಗಿ ಓದಿಸುತ್ತೇನೆ.